1+1=2 ಯಾಕೆ ಅಂತ ಓದೋಕೆ ಪಿಎಚ್‌ಡಿ ಬೇಕಾ?

ಪ್ರಶ್ನೆ: ಎಂಎಸ್ಸಿ ಗಣಿತ ಓದುತ್ತಿದ್ದೇನೆ. ಗಣಿತದ ಬುನಾದಿಯ ಬಗ್ಗೆಯೇ ಪಿಎಚ್‌ಡಿ ಮಾಡುವ ಆಸೆ. ಅಲ್ಲಿ ನಿಜಕ್ಕೂ ಏನು ಓದುತ್ತಾರೆ? 1+1=2 ಯಾಕೆ ಅಂತಲಾ?

ಅದು ಮೊದಲ ಕೆಲವು ತರಗತಿಗಳಲ್ಲೇ ಮುಗಿದುಹೋಗುತ್ತದೆ. ಆಮೇಲೆ ಕಾಡುವ ಪ್ರಶ್ನೆ ಬೇರೆ: ಒಂದು ಪ್ರಮೇಯವನ್ನು ಸಾಧಿಸಲು ಯಾವ ಸ್ವಯಂಸಿದ್ಧಗಳು (ಸಾಧನೆಯಿಲ್ಲದೆ ಒಪ್ಪಿಕೊಂಡ ಮೂಲ ಹೇಳಿಕೆಗಳು) ಸಾಕು, ಯಾವುವು ಸಾಲವು?

ಒಂದು ಉದಾಹರಣೆ ನೋಡೋಣ, ಪೆನ್ನು ಹಿಡಿಯಿರಿ. ಪ್ರತಿ ಹೆಜ್ಜೆಯಲ್ಲೂ ಆಧಾರವನ್ನು ಒಂದು ಏರಿಸಿ, ಬಂದ ಸಂಖ್ಯೆಯಲ್ಲಿ 1 ಕಳೆಯಬೇಕು. 3ನ್ನು 2ರ ಆಧಾರದಲ್ಲಿ ಬರೆದರೆ 2+1. ಈಗ 2 ಇದ್ದಲ್ಲಿ 3 ಹಾಕಿ, 1 ಕಳೆಯಿರಿ: 3. ಆ 3ರ ಜಾಗದಲ್ಲಿ 4 ಹಾಕಿ 1 ಕಳೆಯಿರಿ: ಮತ್ತೆ 3. ಈ 3 ಆಧಾರವಾದ 4ಕ್ಕಿಂತ ಚಿಕ್ಕದು, ಇನ್ನು ಬದಲಿಸಲು ಏನೂ ಉಳಿದಿಲ್ಲ; 1 ಕಳೆಯುತ್ತಾ ಹೋಗುವುದಷ್ಟೇ. 2, 1, 0. ಮುಗಿಯಿತು.

4ರಿಂದ ಶುರು ಮಾಡಿ ನೋಡಿ. ಅದು 2ರ ಘಾತ 2. ಘಾತದಲ್ಲಿರುವ 2ನ್ನೂ ಬದಲಿಸಬೇಕು. ಆಗ 3ರ ಘಾತ 3, ಅಂದರೆ 27. ಅದರಲ್ಲಿ 1 ಕಳೆದರೆ 26. 26ನ್ನು 3ರ ಆಧಾರದಲ್ಲಿ ಬರೆದು ಹೀಗೇ ಮುಂದುವರಿಸಿದರೆ 41, 60, 83. ಏರುತ್ತಲೇ ಹೋಗುತ್ತಿದೆ, ಅಲ್ವಾ? ಆದರೂ ಯಾವ ಸಂಖ್ಯೆಯಿಂದ ಹೊರಟರೂ ಒಂದು ದಿನ 0 ಬಂದೇ ಬರುತ್ತದೆ ಎಂದು ಗಣಿತಜ್ಞ ಗುಡ್‌ಸ್ಟೈನ್ 1944ರಲ್ಲಿ ಸಾಧಿಸಿದರು. ಅದಕ್ಕೆ ಅವರು ಬಳಸಿದ್ದು ಅನಂತ ಕ್ರಮಸಂಖ್ಯೆಗಳನ್ನು, ಅಂದರೆ 0, 1, 2… ಎಲ್ಲ ಮುಗಿದ ಮೇಲೂ ಎಣಿಕೆ ಮುಂದುವರಿಸುವ ಸಂಖ್ಯೆಗಳನ್ನು.

ಬರೀ ಪೂರ್ಣ ಸಂಖ್ಯೆಗಳ ವಿಷಯಕ್ಕೆ ಅನಂತದ ಉಸಾಬರಿ ಯಾಕೆ? ಶಾಲೆಯ ಅಂಕಗಣಿತಕ್ಕೆ ಧಾರಾಳವಾಗಿ ಸಾಲುವ ಪೆಯಾನೊ ಸ್ವಯಂಸಿದ್ಧಗಳು ಇದಕ್ಕೆ ಸಾಲವು ಎಂದು 1982ರಲ್ಲಿ ಕಿರ್ಬಿ ಮತ್ತು ಪ್ಯಾರಿಸ್ ತೋರಿಸಿದರು. (ಪ್ಯಾರಿಸ್ ಇಲ್ಲಿ ಊರಲ್ಲ, ಗಣಿತಜ್ಞ.) ನನ್ನ ಮಟ್ಟಿಗೆ ಇಡೀ ವಿಷಯದ ರುಚಿ ಇರುವುದು ಇಲ್ಲೇ.

ಕೋರ್ಸುಗಳ ಹೆಸರು ಬೇಕಿದ್ದರೆ: ಸೆಟ್ ಥಿಯರಿ, ಮಾಡೆಲ್ ಥಿಯರಿ, ಪ್ರೂಫ್ ಥಿಯರಿ, ಕಂಪ್ಯೂಟಬಿಲಿಟಿ. ಇವೆಲ್ಲ ಸೇರಿದ್ದೇ ಲಾಜಿಕ್. ಸೆಟ್ ಥಿಯರಿಯಲ್ಲಿ ಬೆವರಿಳಿಸುವುದು 1963ರಲ್ಲಿ ಗಣಿತಜ್ಞ ಕೋಹೆನ್ ಕಂಡುಹಿಡಿದ ಫೋರ್ಸಿಂಗ್: ಕೆಲವು ಹೇಳಿಕೆಗಳನ್ನು ಇರುವ ಸ್ವಯಂಸಿದ್ಧಗಳಿಂದ ಸಾಧಿಸಲಾಗದು ಎಂದು ತೋರಿಸುವ ವಿಧಾನ. ಮಾಡೆಲ್ ಥಿಯರಿಗೆ ಬೀಜಗಣಿತ ಗಟ್ಟಿಯಿರಬೇಕು. ಲಾಜಿಕ್ ಅಂದಮೇಲೆ ಲೆಕ್ಕ ಕಡಿಮೆ ಅಂದುಕೊಂಡು ಬಂದವರಿಗೆ ಮೊದಲ ವರ್ಷವೇ ಸುಸ್ತು.

ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ಲಾಜಿಕ್‌ಗೆಂದೇ ಎರಡು ವರ್ಷದ ಮಾಸ್ಟರ್ಸ್ ಇದೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಲಾಜಿಕ್ ಪಿಎಚ್‌ಡಿ ಉಂಟು. ನಮ್ಮಲ್ಲಿ ಇದನ್ನು ಗಣಿತ ವಿಭಾಗದಲ್ಲಷ್ಟೇ ಹುಡುಕಬೇಡಿ. ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯಲ್ಲೂ ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲೂ ಲಾಜಿಕ್ ಕೆಲಸ ಜಾಸ್ತಿ ನಡೆದಿರುವುದು ಕಂಪ್ಯೂಟರ್ ಸೈನ್ಸ್ ಕಡೆ. ಎಲ್ಲೇ ಅರ್ಜಿ ಹಾಕುವ ಮುಂಚೆ, ಅಲ್ಲಿನ ಅಧ್ಯಾಪಕರು ಈಚೆಗೆ ಬರೆದ ಪೇಪರುಗಳಲ್ಲಿ ಒಂದೆರಡನ್ನಾದರೂ ತೆರೆದು ನೋಡಿ. ಅರ್ಧಂಬರ್ಧ ಅರ್ಥವಾದರೂ ಪರವಾಗಿಲ್ಲ.