ಕಮೈಶಿ ಪಾಠ: ನಕ್ಷೆಯ ಗೆರೆ ದಾಟಿ ಬಂದ ನೀರು

2011ರ ಮಾರ್ಚ್ 11, ಭೂಕಂಪದ ತೀವ್ರತೆ 9.0. ಜಪಾನಿನ ಸುನಾಮಿ ಬಗ್ಗೆ ಇಷ್ಟು ಬರೆದು ನಾವು ಮುಂದಕ್ಕೆ ಹೋಗುತ್ತೇವೆ. ಒಂದೇ ಊರನ್ನು ಹಿಡಿದು ಓದಿದರೆ ಚೆನ್ನಾಗಿ ತಲೆಗೆ ಹತ್ತುತ್ತದೆ. ನಾನು ಹಿಡಿದದ್ದು ಕಮೈಶಿ.

ಇವಾಟೆ ಪ್ರಾಂತ್ಯದ ಕರಾವಳಿ ಊರು ಇದು. ಉಕ್ಕು, ಮೀನು, ರಗ್ಬಿಗೆ ಹೆಸರುವಾಸಿ. ಇಲ್ಲಿಯದು ರಿಯಾ ಕರಾವಳಿ, ಅಂದರೆ ನದಿ ಕೊರೆದ ಕಣಿವೆಗಳಿಗೆ ಸಮುದ್ರ ನುಗ್ಗಿ ಆದ ಕೊಲ್ಲಿಗಳು. ಬಾಯಿ ಅಗಲ, ಒಳಗೆ ಇಕ್ಕಟ್ಟು. ನೀರಿಗೆ ಪಕ್ಕಕ್ಕೆ ಹರಡಲು ಜಾಗವಿಲ್ಲ, ಮೇಲಕ್ಕೇ ಏರಬೇಕು. 1896ರಲ್ಲೂ 1933ರಲ್ಲೂ ಸುನಾಮಿ ಈ ಕರಾವಳಿಯನ್ನು ಬಡಿದಿತ್ತು.

ಅದಕ್ಕೇ ಕೊಲ್ಲಿಯ ಬಾಯಿಗೆ ಅಡ್ಡಲಾಗಿ, 63 ಮೀಟರ್ ಆಳದಿಂದ ಅಲೆತಡೆ ಗೋಡೆ ಕಟ್ಟಿದರು. 2009ರಲ್ಲಿ ಮುಗಿಯಿತು, 2011ರಲ್ಲಿ ಮುರಿಯಿತು. ಹಾಗಂತ ಗೋಡೆ ದಂಡ ಎಂದು ಬರೆಯಬೇಡಿ. ತಜ್ಞರ ಲೆಕ್ಕದಲ್ಲಿ 13.7 ಮೀಟರ್ ಏರಬೇಕಿದ್ದ ನೀರು 8.1ಕ್ಕೆ ನಿಂತಿತು, 6 ನಿಮಿಷ ತಡವಾಗಿಯೂ ಬಂತು. ಆದರೆ ಇವಾಟೆಗೆ ಮೊದಲು ಬಂದ ಎಚ್ಚರಿಕೆ 3 ಮೀಟರ್ ಎಂದಷ್ಟೇ ಹೇಳಿತ್ತು. ಊರಿನಲ್ಲಿ ಸಾವಿರಕ್ಕೂ ಜಾಸ್ತಿ ಜನ ಸತ್ತರು ಅಥವಾ ಕಾಣೆಯಾದರು.

ಪಕ್ಕದ ಕೊಲ್ಲಿಯಲ್ಲಿರುವ, ಕಮೈಶಿಯದೇ ಭಾಗವಾದ ಉನೊಸುಮೈಗೆ ಈ ಗೋಡೆಯ ಆಸರೆಯೂ ಇರಲಿಲ್ಲ. ಸುನಾಮಿ ನೀರು ಎಲ್ಲಿವರೆಗೆ ಬರಬಹುದು ಎಂದು ಗೆರೆ ಎಳೆದು ತೋರಿಸುವ ಅಪಾಯದ ನಕ್ಷೆಯಲ್ಲಿ ಅಲ್ಲಿನ ಎರಡು ಶಾಲೆಗಳು ಆ ಗೆರೆಯ ಆಚೆಗಿದ್ದವು. ಸುಮ್ನೆ ಕೂರಬಹುದಿತ್ತು ಅಲ್ವಾ? ಮಾಧ್ಯಮಿಕ ಶಾಲೆಯ ಮಕ್ಕಳು ಕೂರಲಿಲ್ಲ, ಓಡಿದರು. ಅವರನ್ನು ನೋಡಿ, ಮೂರನೇ ಮಹಡಿ ಹತ್ತಿದ್ದ ಪ್ರಾಥಮಿಕ ಶಾಲೆಯ ಮಕ್ಕಳೂ ಇಳಿದು ಓಡಿದರು. ಮೊದಲು ನಿಂತ ಜಾಗದ ಹಿಂದೆ ಗುಡ್ಡ ಜರಿದಿತ್ತು. ಚಿಕ್ಕವರ ಕೈ ಹಿಡಿದು ಇನ್ನೂ ಮೇಲಕ್ಕೆ ಹೋದರು, ನೀರು ಕಂಡ ಮೇಲೆ ಮತ್ತೂ ಮೇಲಕ್ಕೆ. ಹಾಗೆ ಓಡಿದ ಮಕ್ಕಳೆಲ್ಲ ಉಳಿದರು.

ಆಗ ಗುನ್ಮಾ ವಿಶ್ವವಿದ್ಯಾಲಯದಲ್ಲಿದ್ದ ಪ್ರೊ. ತೊಶಿತಾಕಾ ಕತಾದಾ ವರ್ಷಗಟ್ಟಲೆ ಈ ಮಕ್ಕಳಿಗೆ ಕಲಿಸಿದ್ದು ಇದನ್ನೇ: ನಕ್ಷೆ ನಂಬಿ ಕೂರಬೇಡಿ, ಕೈಲಾದದ್ದೆಲ್ಲ ಮಾಡಿ, ಎಲ್ಲರಿಗಿಂತ ಮೊದಲು ನೀವು ಓಡಿ. ಈ ಕಡೆಯ ಆಡುಮಾತಿನಲ್ಲಿ ‘ತೆಂದೆಂಕೊ’ ಎಂಬ ಪದವಿದೆ. ಅವರವರ ಪಾಡಿಗೆ ಅವರವರು ಎಂದರ್ಥ. ಕೇಳಿದಾಗ ನನಗೆ ಕಲ್ಲುಮನಸ್ಸಿನ ಮಾತು ಅನ್ನಿಸಿತ್ತು. ಆದರೆ ಮಗು ತಾನಾಗಿ ಓಡಿರುತ್ತದೆ ಎಂಬ ನಂಬಿಕೆ ಇದ್ದರೆ ತಾಯಿ ಅದನ್ನು ಹುಡುಕಿಕೊಂಡು ತಗ್ಗಿಗೆ ಇಳಿಯುವುದಿಲ್ಲ.

ಅದೇ ಉನೊಸುಮೈನ ವಿಪತ್ತು ಕೇಂದ್ರದ ಕಥೆಯನ್ನೂ ಜೊತೆಗೆ ಓದಿ. ಅದು ಸುನಾಮಿ ಬಂದಾಗ ಓಡಿಹೋಗಲು ಗೊತ್ತುಮಾಡಿದ ಜಾಗವಲ್ಲ. ಹತ್ತಿರ ಎಂದು ಅಣಕು ಕಾರ್ಯಾಚರಣೆ ಅಲ್ಲಿ ನಡೆದಿತ್ತು. ಆ ದಿನ ಜನ ಅಲ್ಲಿಗೇ ಹೋದರು. ನೀರು ಮೇಲಿನ ಮಹಡಿಗೂ ನುಗ್ಗಿತು. ನೂರಕ್ಕೂ ಜಾಸ್ತಿ ಜನ ಒಳಗೇ ತೀರಿಕೊಂಡರು.

ಶಾಲೆಗಳಿದ್ದ ಜಾಗದಲ್ಲಿ ಈಗ ರಗ್ಬಿ ಕ್ರೀಡಾಂಗಣವಿದೆ. 2019ರ ವಿಶ್ವಕಪ್‌ನಲ್ಲಿ ಫಿಜಿ ಮತ್ತು ಉರುಗ್ವೆ ಅಲ್ಲಿ ಆಡಿದವು. ಹೊಸ ಶಾಲೆಯನ್ನು ಗುಡ್ಡದ ಮೇಲೆ ಕಟ್ಟಿದ್ದಾರೆ.