ಸೋಮೇಶ್ವರದಲ್ಲಿ ಬಂದ ಸುಟ್ಟ ವಾಸನೆ

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಮೊದಲ ಸಲ ಸ್ವಂತ ಕಾರಿನಲ್ಲಿ ಅದನ್ನು ಇಳಿದಾಗ ಗಾಡಿ ಮೂರನೇ ಗೇರಿನಲ್ಲಿತ್ತು, ನನ್ನ ಬಲಗಾಲು ಬ್ರೇಕ್ ಮೇಲೇ ಇತ್ತು. ಘಾಟಿಯ ಬುಡದ ಸೋಮೇಶ್ವರ ಹತ್ತಿರ ಬರುವಷ್ಟರಲ್ಲಿ ಕಾರಿನೊಳಗೆ ಸುಟ್ಟ ಘಾಟು ತುಂಬಿತ್ತು. ಕೊನೆಯ ತಿರುವಿನಲ್ಲಿ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದ್ದರೂ ಕಾರು ನಿಲ್ಲಲೊಲ್ಲದು. ಹಿಂದಿನ ಸೀಟಿನಲ್ಲಿ ಮಕ್ಕಳು ಮಲಗಿದ್ದರು. ಆ ಕೆಲವು ಕ್ಷಣ ಇವತ್ತಿಗೂ ಮರೆತಿಲ್ಲ. ಬ್ರೇಕ್ ಒಳಗೆ ಏನು ನಡೆಯುತ್ತದೆ ಅಂತ ತಿಳಿದುಕೊಳ್ಳುವ ಹಟ ಹುಟ್ಟಿದ್ದು ಅಲ್ಲಿಂದಲೇ.

ಸೈಕಲ್ ಬ್ರೇಕ್ ರಿಮ್ಮನ್ನು ಎರಡೂ ಕಡೆಯಿಂದ ಹಿಡಿಯುತ್ತದೆ ಅಲ್ವಾ, ಕಾರಿನದೂ ಅದೇ ಕೆಲಸ. ಚಕ್ರದ ಜೊತೆ ತಿರುಗುವ ಬೀಡು ಕಬ್ಬಿಣದ ತಟ್ಟೆಯೇ ಡಿಸ್ಕ್. ಅದರ ಎರಡೂ ಮಗ್ಗುಲಿಗೆ ಒಂದೊಂದು ಪ್ಯಾಡ್. ಪೆಡಲ್ ಒತ್ತಿದರೆ ಪೈಪಿನೊಳಗಿನ ಬ್ರೇಕ್ ಆಯಿಲ್ ಆ ಒತ್ತಡವನ್ನು ಕ್ಯಾಲಿಪರ್‌ಗೆ ದಾಟಿಸುತ್ತದೆ, ಕ್ಯಾಲಿಪರ್ ಪ್ಯಾಡ್‌ಗಳನ್ನು ಡಿಸ್ಕಿಗೆ ಅದುಮುತ್ತದೆ. ಉಜ್ಜಾಟದಲ್ಲಿ ಕಾರಿನ ಓಟವೆಲ್ಲ ಬಿಸಿಯಾಗಿ ಬದಲಾಗುತ್ತದೆ.

ಎಷ್ಟು ಬಿಸಿ? ಜನರನ್ನೂ ಸೇರಿಸಿ 1,200 ಕೆಜಿ ತೂಗುವ ಕಾರು ಗಂಟೆಗೆ 80 ಕಿಮೀ ವೇಗದಿಂದ ಒಮ್ಮೆ ನಿಂತರೆ, ಹುಟ್ಟುವ ಬಿಸಿಯಲ್ಲಿ ಸುಮಾರು ಒಂದು ಲೀಟರ್ ನೀರು ಕುದಿಸಬಹುದು. ಅಷ್ಟು ಬಿಸಿಯನ್ನು ಬ್ರೇಕ್ ಸಲೀಸಾಗಿ ತಡೆಯುತ್ತದೆ. ಘಾಟಿಯ ಲೆಕ್ಕವೇ ಬೇರೆ. ಅದೇ ಕಾರು 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 18 ಲೀಟರ್ ನೀರು ಕುದಿಸುವಷ್ಟು. ಸ್ನಾನದ ಬಕೆಟ್ ತುಂಬ ಕುದಿಯುವ ನೀರು! ಗಾಳಿ, ಟೈರು ಒಂದಿಷ್ಟನ್ನು ತಿನ್ನುತ್ತವೆ. ಉಳಿದದ್ದನ್ನು ಬ್ರೇಕ್ ಅಥವಾ ಎಂಜಿನ್ ಹೊರಬೇಕು. ನಾನು ಅಷ್ಟನ್ನೂ ಬ್ರೇಕ್ ಮೇಲೇ ಹೇರಿದ್ದೆ.

ಈ ಬಿಸಿಯೇ ಡಿಸ್ಕ್ ಬ್ರೇಕಿನ ಚರಿತ್ರೆಯನ್ನೂ ಬರೆದಿದೆ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಆದರೂ ಕಾರುಗಳು ದಶಕಗಳ ಕಾಲ ಡ್ರಮ್ ಬ್ರೇಕನ್ನೇ ನೆಚ್ಚಿಕೊಂಡಿದ್ದವು, ಅಂದರೆ ಚಕ್ರದ ಜೊತೆ ತಿರುಗುವ ಡಬ್ಬಿಯ ಒಳಗೋಡೆಗೆ ಪಟ್ಟಿಗಳು ಉಜ್ಜುವ ಬ್ರೇಕು. 1953ರಲ್ಲಿ ಫ್ರಾನ್ಸಿನ ಲಮಾನ್ 24 ಗಂಟೆಗಳ ರೇಸನ್ನು ಡಿಸ್ಕ್ ಬ್ರೇಕ್ ಹಾಕಿದ ಜಾಗ್ವಾರ್ ಗೆದ್ದ ಮೇಲೆ ಎಲ್ಲರ ಕಣ್ಣೂ ಇದರ ಮೇಲೆ ಬಿತ್ತು. ಡ್ರಮ್ಮಿನಲ್ಲಿ ಬಿಸಿ ಒಳಗೇ ಸಿಕ್ಕಿಕೊಳ್ಳುತ್ತದೆ. ಡಿಸ್ಕ್ ಗಾಳಿಗೆ ಮೈಯೊಡ್ಡಿ ನಿಂತಿರುತ್ತದೆ, ಬೇಗ ಆರುತ್ತದೆ. ಮುಂದಿನ ಚಕ್ರದ ಡಿಸ್ಕನ್ನು ಅಂಚಿನಿಂದ ನೋಡಿ, ಹೆಚ್ಚಿನ ಕಾರುಗಳಲ್ಲಿ ಅದು ಎರಡು ತಟ್ಟೆಗಳ ನಡುವೆ ಸಂದು ಬಿಟ್ಟ ಹಾಗಿರುತ್ತದೆ. ಆ ಸಂದು ಗಾಳಿ ಹಾಯುವುದಕ್ಕೇ ಇರುವುದು. ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ, ಹಾಗಾಗಿ ಮುಂದಿನ ಬ್ರೇಕಿಗೇ ಕೆಲಸ ಜಾಸ್ತಿ.

ಬಿಸಿ ಮಿತಿ ಮೀರಿದರೆ ಬ್ರೇಕ್ ಎರಡು ರೀತಿಯಲ್ಲಿ ಕೈಕೊಡುತ್ತದೆ. ಇದನ್ನು ಎಲ್ಲ ಡ್ರೈವರ್‌ಗಳೂ ತಿಳಿದಿರಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಮೊದಲನೆಯದು ನನಗೆ ಆದದ್ದು. ಪ್ಯಾಡಿನಲ್ಲಿ ನಾರು, ಲೋಹದ ಪುಡಿ ಮುಂತಾದವನ್ನು ಒಂದು ಬಗೆಯ ಅಂಟು ಹಿಡಿದಿಟ್ಟಿರುತ್ತದೆ. ವಿಪರೀತ ಕಾದಾಗ ಆ ಅಂಟು ಸುಟ್ಟು ಅನಿಲ ಬಿಡುತ್ತದೆ, ಪ್ಯಾಡಿನ ಹಿಡಿತ ಕುಸಿಯುತ್ತದೆ. ಪೆಡಲ್ ಗಟ್ಟಿಯಾಗೇ ಇರುತ್ತದೆ, ಆದರೆ ಕಾರು ನಿಲ್ಲುವುದಿಲ್ಲ. ಎರಡನೆಯದರಲ್ಲಿ ಪೆಡಲ್ ಸ್ಪಂಜಿನಂತಾಗಿ ನೆಲದವರೆಗೆ ಇಳಿದುಬಿಡುತ್ತದೆ. ಅಲ್ಲಿ ಕುದಿದಿರುವುದು ಬ್ರೇಕ್ ಆಯಿಲ್. ದ್ರವ ಒತ್ತಡವನ್ನು ದಾಟಿಸುತ್ತದೆ, ಆವಿಯ ಗುಳ್ಳೆ ಸುಮ್ನೆ ಕುಗ್ಗುತ್ತದೆ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ಗುಣಮಟ್ಟದ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಕುಡಿದ ಆಯಿಲ್‌ಗೆ ಅದೇ ಮಾನದಂಡ 155 ಡಿಗ್ರಿಗೆ ಇಳಿಯುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ಒಳ್ಳೆಯದು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಓಡುವ ಕಾರಿಗಂತೂ ಇದನ್ನು ಮುಂದೂಡಲೇಬಾರದು. ಡಬ್ಬಿಯಲ್ಲಿ ಮಟ್ಟ ಸರಿಯಿದೆ ಅಂದ ಮಾತ್ರಕ್ಕೆ ಆಯಿಲ್ ಚೆನ್ನಾಗಿದೆ ಅಂತಲ್ಲ.

ಘಾಟಿ ಇಳಿದ ಮರುದಿನ ಮೆಕ್ಯಾನಿಕ್ ಚಕ್ರ ಬಿಚ್ಚಿ ತೋರಿಸಿದ. ಹೊರಗಿನ ಪ್ಯಾಡ್ 6 ಮಿಮೀ ಉಳಿದಿತ್ತು, ಒಳಗಿನದು 2 ಮಿಮೀ ಕೂಡ ಇರಲಿಲ್ಲ. ಕ್ಯಾಲಿಪರ್ ಜಾರಾಡುವ ಪಿನ್ನು ತುಕ್ಕು ಹಿಡಿದು ಬಿಗಿದುಕೊಂಡಿತ್ತು, ಅದರಿಂದ ಒಳಗಿನ ಪ್ಯಾಡೇ ಎಲ್ಲ ಹೊಡೆತ ತಿಂದಿತ್ತು. ಚಕ್ರದ ಸಂದಿಯಿಂದ ನಾನು ಆಗಾಗ ಇಣುಕಿ ನೋಡುತ್ತಿದ್ದೆ, ಆದರೆ ಅಲ್ಲಿಂದ ಕಾಣುವುದು ಹೊರಗಿನ ಪ್ಯಾಡ್ ಮಾತ್ರ. ಈಗ ಸರ್ವೀಸಿಗೆ ಕೊಟ್ಟಾಗಲೆಲ್ಲ ಒಳಗಿನದನ್ನೂ ಅಳೆಯಿರಿ, ಪಿನ್ನಿಗೆ ರಬ್ಬರ್ ಕೆಡಿಸದ ಸಿಲಿಕೋನ್ ಗ್ರೀಸ್ ಹಾಕಿ ಅಂತ ಕೇಳಿಯೇ ಬರುತ್ತೇನೆ. ಪ್ಯಾಡ್ 3 ಮಿಮೀಗೆ ಬಂದರೆ ಕಾಯುವುದಿಲ್ಲ. ಡಿಸ್ಕ್ ಸವೆತಕ್ಕೂ ಮಿತಿ ಇದೆ, ಆ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೇ ಕೆತ್ತಿರುತ್ತಾರೆ. ಹಲವು ಪ್ಯಾಡ್‌ಗಳಲ್ಲಿ ಒಂದು ಪುಟ್ಟ ತಗಡು ಇರುತ್ತದೆ. ಪ್ಯಾಡ್ ಸವೆದಾಗ ಅದು ಡಿಸ್ಕಿಗೆ ತಾಗಿ ಕೀರಲು ಸದ್ದು ಮಾಡುತ್ತದೆ. ಮಳೆಯ ಮರುದಿನ ಬೆಳಿಗ್ಗೆ ಬರುವ ಕರಕರ ಸದ್ದಿಗೆ ಹೆದರಬೇಡಿ. ಅದು ಡಿಸ್ಕಿನ ಮೇಲಿನ ತೆಳು ತುಕ್ಕು, ನಾಲ್ಕು ಸಲ ಬ್ರೇಕ್ ಹಾಕಿದರೆ ಹೋಗುತ್ತದೆ.

ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗಿದರೆ 'ಡಿಸ್ಕ್ ಬೆಂಡ್ ಆಗಿದೆ' ಅಂತಾರೆ. ಎಷ್ಟೋ ಸಲ ಅದು ಬೆಂಡ್ ಆಗಿರುವುದಿಲ್ಲ. ಕಾದ ಪ್ಯಾಡಿನ ಅಂಶ ಡಿಸ್ಕಿಗೆ ಅಲ್ಲಲ್ಲಿ ಮೆತ್ತಿಕೊಂಡು ಮೇಲ್ಮೈ ಏರುಪೇರಾಗಿರುತ್ತದೆ. ಕಾದ ಬ್ರೇಕನ್ನು ಒತ್ತಿಹಿಡಿದು ನಿಂತರೂ ಹೀಗಾಗಬಹುದು. ಹಾಗಾಗಿ ಘಾಟಿ ಇಳಿದ ಮೇಲೆ ಒಂದೆರಡು ಕಿಲೋಮೀಟರ್ ನಿಧಾನಕ್ಕೆ ಓಡಿಸಿ, ಗಾಳಿ ತಾಗಲಿ. ತಕ್ಷಣ ವಾಟರ್ ಸರ್ವೀಸಿಗೆ ಮಾತ್ರ ಬಿಡಬೇಡಿ, ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಡಿಸ್ಕ್ ಬಿರುಕು ಬಿಡಬಹುದು.

ಹತ್ತುವ ಗೇರಿನಲ್ಲೇ ಇಳಿಯಬೇಕು ಅಂತ ಹಳೆಯ ಡ್ರೈವರ್‌ಗಳು ಹೇಳುತ್ತಾರಲ್ಲ, ಅದು ಅಪ್ಪಟ ವಿಜ್ಞಾನ. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಚಕ್ರಗಳೇ ಎಂಜಿನ್ ತಿರುಗಿಸಬೇಕಾಗುತ್ತದೆ, ಶಕ್ತಿ ಅಲ್ಲಿ ಕರಗುತ್ತದೆ. ಕಡಿದಾದ ಕಡೆ ಒಂದನೇ ಗೇರೂ ಬೇಕಾಗಬಹುದು. ಬ್ರೇಕನ್ನು ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ, ಆಮೇಲೆ ಕಾಲು ತೆಗೆಯಬೇಕು, ಉದ್ದಕ್ಕೂ ಸವರುತ್ತ ಇರಬಾರದು. ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ. ಇಂದಿನ ಕಾರು ಗೇರಿನಲ್ಲಿ ಇಳಿಯುವಾಗ ಎಂಜಿನ್‌ಗೆ ಇಂಧನವೇ ನಿಂತುಹೋಗುತ್ತದೆ, ನ್ಯೂಟ್ರಲ್‌ನಲ್ಲೇ ಅದು ಖರ್ಚಾಗುವುದು.

ಮೊನ್ನೆ ಮತ್ತೆ ಆಗುಂಬೆ ಇಳಿದೆವು, ಎರಡನೇ ಗೇರಿನಲ್ಲಿ. ಸೋಮೇಶ್ವರದಲ್ಲಿ ಇಳಿದು ಮುಂದಿನ ಚಕ್ರದ ಹತ್ತಿರ ಬಗ್ಗಿದೆ. ಬಿಸಿ ಮುಖಕ್ಕೆ ತಾಗಿತು, ವಾಸನೆ ಇರಲಿಲ್ಲ.