ಕೊನೆಯ ಸಹಿ ಯಾರದು? ಅಮೆರಿಕದ ಮತ ಎಣಿಕೆಯ ಹಳೆಯ ತಕರಾರು

ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ನಡೆಸುವ ರಾಷ್ಟ್ರಮಟ್ಟದ ಸಂಸ್ಥೆ ಅಂತ ಒಂದಿಲ್ಲ. ಹೆಸರು ಕೇಳಿದರೆ ನಮ್ಮ ಚುನಾವಣಾ ಆಯೋಗದ ನೆನಪು ತರಿಸುವ ಫೆಡರಲ್ ಎಲೆಕ್ಷನ್ ಕಮಿಷನ್ ನೋಡಿಕೊಳ್ಳುವುದು ಪ್ರಚಾರದ ದುಡ್ಡಿನ ಲೆಕ್ಕವನ್ನು. ಮತಪತ್ರ ಅಚ್ಚು ಹಾಕಿಸುವುದು, ಎಣಿಸುವುದು, ಫಲಿತಾಂಶಕ್ಕೆ ಸಹಿ ಹಾಕುವುದು ಎಲ್ಲವೂ ರಾಜ್ಯಗಳ, ಅವುಗಳ ಕೆಳಗಿನ, ನಮ್ಮ ಜಿಲ್ಲೆಗಳಂಥ ಕೌಂಟಿಗಳ ಕೆಲಸ. ಹೆಚ್ಚಿನ ರಾಜ್ಯಗಳಲ್ಲಿ ಇದರ ಮೇಲಧಿಕಾರಿ ಸೆಕ್ರೆಟರಿ ಆಫ್ ಸ್ಟೇಟ್. ಅವರೂ ಬಹುಪಾಲು ಯಾವುದೋ ಪಕ್ಷದ ಟಿಕೆಟ್ ಮೇಲೆ ಗೆದ್ದು ಬಂದವರೇ. ಆಟವಾಡುವ ತಂಡದವನೇ ಅಂಪೈರ್ ಆದ ಹಾಗೆ. ಇಷ್ಟಾಗಿಯೂ ವ್ಯವಸ್ಥೆ ಇಷ್ಟು ಕಾಲ ಬಾಳಿದೆ ಎಂದರೆ ಅದಕ್ಕೆ ಮುಖ್ಯ ಕಾರಣ ಸೋತವರು ಸೋಲೊಪ್ಪಿಕೊಂಡು ಮನೆಗೆ ಹೋಗುವ ರೂಢಿ. ಆ ರೂಢಿ ಮುರಿದಾಗಲೆಲ್ಲ ಕಾನೂನು ಬಂದಿದೆ. ತಡವಾಗಿ ಬಂದಿದೆ, ಅದೂ ಆಗಷ್ಟೇ ಮುಗಿದ ಜಗಳದ ಅಳತೆಗೆ ಹೊಲಿಸಿಕೊಂಡು.

ತಕರಾರಿನ ಬೇರು ಸಂವಿಧಾನದಲ್ಲೇ ಇದೆ. 1804ರಲ್ಲಿ ಜಾರಿಗೆ ಬಂದ ಹನ್ನೆರಡನೇ ತಿದ್ದುಪಡಿಯ ಪ್ರಕಾರ, ಅಧ್ಯಕ್ಷರನ್ನು ಔಪಚಾರಿಕವಾಗಿ ಆರಿಸಲು ರಾಜ್ಯಗಳು ನೇಮಿಸುವ ಪ್ರತಿನಿಧಿಗಳಾದ ಎಲೆಕ್ಟರ್‌ಗಳ ಮತದ ಲಕೋಟೆಗಳನ್ನು ಸೆನೆಟ್‌ನ ಅಧ್ಯಕ್ಷರು, ಅಂದರೆ ದೇಶದ ಉಪಾಧ್ಯಕ್ಷರು, ಎರಡೂ ಸದನಗಳ ಎದುರು ತೆರೆಯಬೇಕು. ಆಮೇಲೆ ಮತಗಳನ್ನು ಎಣಿಸಲಾಗುತ್ತದೆ. ತೆರೆಯುವವರು ಯಾರು ಎಂದು ಹೇಳಿದೆ, ಎಣಿಸುವವರು ಯಾರು ಎಂದು ಹೇಳಿಲ್ಲ. ಒಂದೇ ರಾಜ್ಯದಿಂದ ಎರಡು ಲಕೋಟೆ ಬಂದರೆ ಯಾವುದು ಅಸಲಿ ಎಂದು ತೀರ್ಮಾನಿಸುವವರು ಯಾರು? ಅದಕ್ಕೂ ಉತ್ತರವಿಲ್ಲ. ಮೂಲ ಸಂವಿಧಾನದಲ್ಲೂ ಮಾತು ಹೀಗೇ ಇತ್ತು. 1801ರಲ್ಲಿ ಉಪಾಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ ತಾವೇ ಅಭ್ಯರ್ಥಿಯಾಗಿದ್ದ ಚುನಾವಣೆಯ ಲಕೋಟೆ ತೆರೆದರು. ಜಾರ್ಜಿಯಾದ ಪತ್ರ ಕ್ರಮಬದ್ಧವಾಗಿರಲಿಲ್ಲ. ಅದರ 4 ಮತಗಳನ್ನು ಅವರು ತಮ್ಮ ಲೆಕ್ಕಕ್ಕೇ ಹಾಕಿಕೊಂಡರು. ಜಾರ್ಜಿಯಾ ಅವರನ್ನೇ ಬಯಸಿತ್ತು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ, ಹಾಗಾಗಿ ಗದ್ದಲವಾಗಲಿಲ್ಲ. ಆದರೆ ಬಾಗಿಲು ತೆರೆದೇ ಇದೆ ಎಂಬುದಂತೂ ಮೊದಲ ದಿನಗಳಿಂದಲೇ ಗೊತ್ತಿತ್ತು.

ಆ ಬಾಗಿಲಿಗೆ ಮೊದಲ ದೊಡ್ಡ ಗುದ್ದು ಬಿದ್ದದ್ದು 1876ರಲ್ಲಿ. ಗೆಲ್ಲಲು 185 ಎಲೆಕ್ಟೋರಲ್ ಮತ ಬೇಕಿತ್ತು. ಡೆಮಾಕ್ರಾಟಿಕ್ ಪಕ್ಷದ ಸ್ಯಾಮ್ಯುಯೆಲ್ ಟಿಲ್ಡನ್ 184ಕ್ಕೆ ಬಂದು ನಿಂತರು, ರಿಪಬ್ಲಿಕನ್ ರುದರ್‌ಫರ್ಡ್ ಹೇಯ್ಸ್ 165ಕ್ಕೆ. ಫ್ಲಾರಿಡಾದ 4, ಲೂಸಿಯಾನಾದ 8, ದಕ್ಷಿಣ ಕೆರೊಲಿನಾದ 7, ಆರೆಗನ್‌ನ 1, ಒಟ್ಟು 20 ಮತಗಳು ವಿವಾದಕ್ಕೆ ಸಿಕ್ಕವು. ದಕ್ಷಿಣದ ಮೂರೂ ರಾಜ್ಯಗಳಲ್ಲಿ ಕೈ ಕೊಳೆಯಾಗದವರು ಯಾರೂ ಇರಲಿಲ್ಲ. ಕಪ್ಪು ಜನ ಮತಗಟ್ಟೆಗೆ ಬಾರದಂತೆ ಡೆಮಾಕ್ರಾಟ್ ಕಡೆಯ ಬಂದೂಕಿನ ಗುಂಪುಗಳು ಊರೂರು ಸುತ್ತಿದ್ದವು; ಎಣಿಕೆ ಮಂಡಳಿಗಳು ರಿಪಬ್ಲಿಕನ್ನರ ಕೈಯಲ್ಲಿದ್ದು, ಹಿಂಸೆ ನಡೆದಿದೆ ಎಂಬ ಕಾರಣ ಕೊಟ್ಟು ಇಡೀ ಪ್ರದೇಶಗಳ ಮತಗಳನ್ನೇ ಅಳಿಸಿಹಾಕಿದವು. ಎರಡೂ ಕಡೆಯವರು ತಮ್ಮ ತಮ್ಮ ಲಕೋಟೆ ಕಳಿಸಿದರು. ಆರೆಗನ್‌ನ ಕತೆ ಇನ್ನೂ ವಿಚಿತ್ರ: ಅಲ್ಲಿ ಹೇಯ್ಸ್ ಗೆದ್ದಿದ್ದರು, ಆದರೆ ಅವರ ಎಲೆಕ್ಟರ್ ಒಬ್ಬರು ಪೋಸ್ಟ್‌ಮಾಸ್ಟರ್. ಕೇಂದ್ರ ಸರ್ಕಾರದ ಹುದ್ದೆಯಲ್ಲಿರುವವರು ಎಲೆಕ್ಟರ್ ಆಗುವಂತಿಲ್ಲ ಎಂದು ಹೇಳಿ ಡೆಮಾಕ್ರಾಟ್ ಗವರ್ನರ್ ಆ ಜಾಗಕ್ಕೆ ತಮ್ಮ ಪಕ್ಷದವರನ್ನು ತೂರಿಸಿದರು.

ಕೊನೆಗೆ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, 15 ಜನರ ಆಯೋಗ ಮಾಡಿತು: ಕೆಳಮನೆಯಿಂದ 5, ಸೆನೆಟ್‌ನಿಂದ 5, ಸುಪ್ರೀಂ ಕೋರ್ಟ್‌ನಿಂದ 5. ಏಳು ಜನ ಆ ಕಡೆ, ಏಳು ಜನ ಈ ಕಡೆ. ನಡುವೆ ಪಕ್ಷವಿಲ್ಲದ ನ್ಯಾಯಮೂರ್ತಿ ಡೇವಿಡ್ ಡೇವಿಸ್ ಕೂರಬೇಕು ಎಂಬುದು ಲೆಕ್ಕಾಚಾರ. ಅಷ್ಟರಲ್ಲಿ ಇಲಿನಾಯ್ ಶಾಸನಸಭೆಯಲ್ಲಿ ಡೆಮಾಕ್ರಾಟರ ಮತ ಸೇರಿ ಡೇವಿಸ್ ಸೆನೆಟ್‌ಗೆ ಆಯ್ಕೆಯಾದರು. ಅವರು ಆಯೋಗದಿಂದ ದೂರ ಉಳಿದರು. ಆ ಕುರ್ಚಿಗೆ ರಿಪಬ್ಲಿಕನ್ ಒಲವಿನ ಜೋಸೆಫ್ ಬ್ರ್ಯಾಡ್ಲಿ ಬಂದರು. ನಾಲ್ಕೂ ರಾಜ್ಯಗಳ ವಿಷಯದಲ್ಲಿ ತೀರ್ಪು 8–7. ಇಪ್ಪತ್ತಕ್ಕೆ ಇಪ್ಪತ್ತೂ ಹೇಯ್ಸ್ ಪಾಲು. 1877ರ ಮಾರ್ಚ್ 2ರ ಬೆಳಗಿನ ಜಾವ 185–184 ಎಂದು ಘೋಷಣೆಯಾದಾಗ ಅಧಿಕಾರ ಹಸ್ತಾಂತರಕ್ಕೆ ಉಳಿದಿದ್ದದ್ದು ಎರಡು ದಿನ. ಜನರ ಮತದಲ್ಲಿ ಟಿಲ್ಡನ್ ಸುಮಾರು ಎರಡೂವರೆ ಲಕ್ಷದಷ್ಟು ಮುಂದಿದ್ದರು. ಡೆಮಾಕ್ರಾಟರು ಸುಮ್ಮನಾದರು, ದಕ್ಷಿಣದ ಶಾಸನಭವನಗಳನ್ನು ಕಾಯುತ್ತಿದ್ದ ಸೇನೆ ಬ್ಯಾರಕ್‌ಗೆ ಮರಳಿತು. ಈ ಕೊಡು-ಕೊಳ್ಳುವಿಕೆಯನ್ನು ರಾಜಿ ಎಂದು ಕರೆಯುವುದು ವಾಡಿಕೆ. ರಾಜಿಯ ಬೆಲೆ ತೆತ್ತವರು ಮಾತ್ರ ಮೇಜಿನ ಹತ್ತಿರವೂ ಇರಲಿಲ್ಲ: ದಕ್ಷಿಣದ ಕಪ್ಪು ಪ್ರಜೆಗಳ ಮತದ ಹಕ್ಕು 1965ರ ಮತದಾನ ಹಕ್ಕು ಕಾಯ್ದೆ ಬರುವವರೆಗೂ ಹೆಚ್ಚುಕಡಿಮೆ ಕಾಗದದ ಮೇಲೇ ಉಳಿಯಿತು.

ಇಂಥದ್ದು ಮರುಕಳಿಸಬಾರದೆಂದು ಕಾಯ್ದೆ ಮಾಡಲು ಕಾಂಗ್ರೆಸ್ಸಿಗೆ ಹತ್ತು ವರ್ಷ ಹಿಡಿಯಿತು. 1887ರ ಎಲೆಕ್ಟೋರಲ್ ಕೌಂಟ್ ಆ್ಯಕ್ಟ್ ಎಷ್ಟು ಗೋಜಲು ಎಂದರೆ ಒಂದೇ ವಾಕ್ಯವನ್ನು ಇಬ್ಬರು ವಕೀಲರು ಎರಡು ಬಗೆಯಲ್ಲಿ ಓದಬಹುದಿತ್ತು. ಪ್ರತಿ ಸದನದಿಂದ ಒಬ್ಬೊಬ್ಬ ಸದಸ್ಯ ಬರವಣಿಗೆಯಲ್ಲಿ ಆಕ್ಷೇಪ ಕೊಟ್ಟರೆ ಸಾಕು, ಎರಡೂ ಸದನ ಬೇರೆಬೇರೆ ಕೂತು ಎರಡು ಗಂಟೆ ಚರ್ಚಿಸಿ ಮತಕ್ಕೆ ಹಾಕಬೇಕು. ಉಪಾಧ್ಯಕ್ಷರು ಏನು ಮಾಡುವಂತಿಲ್ಲ ಎಂಬುದನ್ನು ಆ ಕಾಯ್ದೆ ನೇರವಾಗಿ ಹೇಳಲೇ ಇಲ್ಲ.

1960ರ ಹವಾಯಿ ಪ್ರಸಂಗವನ್ನು ಮುಂದೆ ಹಲವರು ತಮಗೆ ಬೇಕಾದಂತೆ ತಿರುಚಿದ್ದರಿಂದ ಅದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಮೊದಲ ಎಣಿಕೆಯಲ್ಲಿ ಅಲ್ಲಿ ರಿಪಬ್ಲಿಕನ್ ಅಭ್ಯರ್ಥಿ ರಿಚರ್ಡ್ ನಿಕ್ಸನ್‌ಗೆ ನೂರೈವತ್ತಕ್ಕೂ ಕಡಿಮೆ ಮತಗಳ ಮುನ್ನಡೆ. ಕೋರ್ಟ್ ಆದೇಶದಂತೆ ಮರುಎಣಿಕೆ ನಡೆಯುತ್ತಿರುವಾಗಲೇ ಎಲೆಕ್ಟರ್‌ಗಳು ಸೇರುವ ದಿನ ಬಂತು. ದಿನ ತಪ್ಪಿದರೆ ಮತವೇ ಹೋಗುತ್ತದೆಂದು ಎದುರಾಳಿ ಡೆಮಾಕ್ರಾಟ್ ಜಾನ್ ಕೆನಡಿ ಕಡೆಯ ಎಲೆಕ್ಟರ್‌ಗಳೂ ಸೇರಿ ಸಹಿ ಹಾಕಿದರು. ಮರುಎಣಿಕೆಯಲ್ಲಿ ಕೆನಡಿ 115 ಮತಗಳಿಂದ ಗೆದ್ದರು, ಗವರ್ನರ್ ಹೊಸ ಪ್ರಮಾಣಪತ್ರ ಕೊಟ್ಟರು. ಲಕೋಟೆ ತೆರೆಯುವ ಕುರ್ಚಿಯಲ್ಲಿದ್ದವರು ಉಪಾಧ್ಯಕ್ಷ ನಿಕ್ಸನ್ನರೇ; ಇದು ಮುಂದಕ್ಕೆ ಪೂರ್ವನಿದರ್ಶನವಾಗಬಾರದು ಎಂದು ಹೇಳಿ ಎದುರಾಳಿಯ ಮತಗಳನ್ನೇ ಎಣಿಸಿದರು. ವಾಟರ್‌ಗೇಟ್‌ನ ನಿಕ್ಸನ್ ಒಬ್ಬರನ್ನೇ ನೆನಪಿಟ್ಟುಕೊಂಡವರಿಗೆ ಇದು ಕೊಂಚ ಇರುಸುಮುರುಸು ತರುವ ಸಂಗತಿ.

ರಿಪಬ್ಲಿಕನ್ ಜಾರ್ಜ್ ಬುಷ್, ಡೆಮಾಕ್ರಾಟ್ ಆಲ್ ಗೋರ್ ಎದುರಾಗಿದ್ದ 2000ದ ಚುನಾವಣೆಯಲ್ಲಿ ಫ್ಲಾರಿಡಾದಲ್ಲಿ ಕೆಟ್ಟದ್ದು ಯಂತ್ರ ಮತ್ತು ವಿನ್ಯಾಸ. ನೈತಿಕತೆಯ ಪ್ರಶ್ನೆ ಆಮೇಲೆ ಬಂತು. ಅಲ್ಲಿನ ಹಲವು ಕೌಂಟಿಗಳಲ್ಲಿ ಬಳಕೆಯಲ್ಲಿದ್ದದ್ದು ತೂತು ಹಾಕುವ ಕಾರ್ಡ್. ಕಾರ್ಡನ್ನು ಚೌಕಟ್ಟಿನೊಳಗೆ ಪೂರ್ತಿ ತೂರಿಸಿ, ಚೂಪು ಕಡ್ಡಿಯಿಂದ ಅಭ್ಯರ್ಥಿಯ ಎದುರಿನ ಚೌಕವನ್ನು ಒತ್ತಬೇಕು. ಕಾಗದದ ಚೂರು ಕಳಚಿ ಕೆಳಗೆ ಬೀಳಬೇಕು. ಕಾರ್ಡ್ ಸರಿಯಾಗಿ ಕೂರದಿದ್ದರೆ, ಒಳಗೆ ಹಿಂದಿನವರ ಚೂರುಗಳು ತುಂಬಿಕೊಂಡಿದ್ದರೆ, ಕೈಬಲ ಸಾಲದಿದ್ದರೆ ಚೂರು ಒಂದು ಮೂಲೆಯಲ್ಲಿ ಜೋತಾಡುತ್ತದೆ, ಇಲ್ಲವೇ ಬರೀ ತಗ್ಗು ಬೀಳುತ್ತದೆ. ಎಣಿಕೆ ಯಂತ್ರ ನೋಡುವುದು ತೂತಿನಿಂದ ಬರುವ ಬೆಳಕನ್ನು. ಜೋತಾಡುವ ಚೂರು ತೂತು ಮುಚ್ಚಿದರೆ ಮತವೇ ಇಲ್ಲ. ಅದೇ ಕಾರ್ಡನ್ನು ಮತ್ತೊಮ್ಮೆ ಓಡಿಸಿದರೆ ಚೂರು ಉದುರಿ ಮತ ಕಾಣಿಸಿಕೊಳ್ಳುತ್ತದೆ. ಪ್ರತಿ ಮರುಎಣಿಕೆಯಲ್ಲೂ ಅಂಕಿ ಬದಲಾದದ್ದಕ್ಕೆ ಇದೂ ಒಂದು ಕಾರಣ. ಕೈಯಲ್ಲಿ ಎಣಿಸೋಣವೆಂದರೆ ಫ್ಲಾರಿಡಾದ ಕಾನೂನಿನಲ್ಲಿದ್ದ ಅಳತೆಗೋಲು ‘ಮತದಾರನ ಉದ್ದೇಶ’ ಎಂಬುದೊಂದೇ. ಒಂದು ಕೌಂಟಿ ತಗ್ಗನ್ನೂ ಮತ ಎಂದಿತು, ಪಕ್ಕದ ಕೌಂಟಿ ಒಪ್ಪಲಿಲ್ಲ.

ಪಾಮ್ ಬೀಚ್ ಕೌಂಟಿಯಲ್ಲಿ ವಯಸ್ಸಾದವರಿಗೆ ಅಕ್ಷರ ದಪ್ಪವಾಗಿ ಕಾಣಲಿ ಎಂದು ಹೆಸರುಗಳನ್ನು ಎದುರುಬದುರು ಎರಡು ಪುಟಗಳಲ್ಲಿ ಅಚ್ಚು ಹಾಕಿ ತೂತುಗಳನ್ನು ನಡುವೆ ಇಟ್ಟಿದ್ದರು. ಎಡಪುಟದಲ್ಲಿ ಎರಡನೆಯ ಹೆಸರು ಆಲ್ ಗೋರ್, ಆದರೆ ಎರಡನೆಯ ತೂತು ಬಲಪುಟದಲ್ಲಿದ್ದ ಸಣ್ಣ ಪಕ್ಷದ ಅಭ್ಯರ್ಥಿ ಪ್ಯಾಟ್ ಬುಕಾನನ್ ಅವರದು. ಬುಕಾನನ್‌ಗೆ ಅಲ್ಲಿ 3,407 ಮತ ಬಿದ್ದವು. ಎರಡು ತೂತು ಹಾಕಿ ಕುಲಗೆಟ್ಟ ಮತಪತ್ರಗಳು 19 ಸಾವಿರಕ್ಕೂ ಹೆಚ್ಚು. ಇಡೀ ರಾಜ್ಯದ ಅಂತಿಮ ಅಂತರ ಬುಷ್ ಪರ 537. ಆ ಫಲಿತಾಂಶಕ್ಕೆ ಸಹಿ ಹಾಕಿದ ಸೆಕ್ರೆಟರಿ ಆಫ್ ಸ್ಟೇಟ್ ಕ್ಯಾಥರೀನ್ ಹ್ಯಾರಿಸ್, ಅದೇ ರಾಜ್ಯದಲ್ಲಿ ಬುಷ್ ಪ್ರಚಾರ ಸಮಿತಿಯ ಸಹ ಅಧ್ಯಕ್ಷೆ. ಕಾನೂನಿನ ಪ್ರಕಾರ ಅದರಲ್ಲಿ ತಪ್ಪೇನೂ ಇರಲಿಲ್ಲ ಎಂಬುದೇ ತಪ್ಪು. ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ 5–4ರಲ್ಲಿ ಮರುಎಣಿಕೆ ನಿಲ್ಲಿಸಿತು, ಮರುದಿನ ಗೋರ್ ಸೋಲೊಪ್ಪಿದರು. 2002ರ ಕಾಯ್ದೆ ತೂತಿನ ಕಾರ್ಡಿಗೆ ದುಡ್ಡು ಕೊಟ್ಟು ವಿದಾಯ ಹೇಳಿತು. ಪಕ್ಷದವರೇ ಸಹಿ ಹಾಕುವ ಪದ್ಧತಿಯನ್ನು ಮುಟ್ಟಲಿಲ್ಲ.

ಕಾಂಗ್ರೆಸ್ ಲಕೋಟೆ ತೆರೆದು ಮತ ಎಣಿಸುವ ಜನವರಿ 6ರ ಆಕ್ಷೇಪಗಳನ್ನು ಅಗ್ಗ ಮಾಡಿದ್ದರಲ್ಲಿ ಡೆಮಾಕ್ರಾಟರ ಪಾಲೂ ಇದೆ. 2001ರಲ್ಲಿ ಅವರ ಕೆಳಮನೆಯ ಸದಸ್ಯರು ಆಕ್ಷೇಪ ಎತ್ತಿದರು, ಸಹಿಗೆ ಸೆನೆಟರ್ ಒಬ್ಬರೂ ಸಿಗಲಿಲ್ಲ. ಅದನ್ನು ತಳ್ಳಿಹಾಕಿದವರು ಉಪಾಧ್ಯಕ್ಷರ ಕುರ್ಚಿಯಲ್ಲಿದ್ದ ಗೋರ್ ಅವರೇ. 2005ರಲ್ಲಿ ಸೆನೆಟರ್ ಸಹಿಯೂ ಸಿಕ್ಕಿ ಒಹಾಯೊ ಮತಗಳ ಮೇಲೆ ಚರ್ಚೆಯಾಯಿತು. ಸೆನೆಟ್‌ನಲ್ಲಿ 1–74, ಕೆಳಮನೆಯಲ್ಲಿ 31–267ರಲ್ಲಿ ಬಿದ್ದುಹೋಯಿತು. 2017ರಲ್ಲೂ ಅದೇ ಆಟ. ಇವನ್ನು 2021ಕ್ಕೆ ಸಮ ಮಾಡಿ ತೂಗುವವರ ವಾದ ಮಾತ್ರ ನಿಲ್ಲುವುದಿಲ್ಲ: ಆ ಮೂರೂ ಸಲ ಸೋತ ಅಭ್ಯರ್ಥಿ ಆಗಲೇ ಸೋಲೊಪ್ಪಿಯಾಗಿತ್ತು.

2020ರಲ್ಲಿ ಒತ್ತಡ ಬಿದ್ದದ್ದು ಸರಪಳಿಯ ಪ್ರತಿ ಕೊಂಡಿಯ ಮೇಲೂ. ಪೆನ್ಸಿಲ್ವೇನಿಯಾ, ವಿಸ್ಕಾನ್ಸಿನ್‌ಗಳಲ್ಲಿ ಅಂಚೆ ಮತಗಳ ಲಕೋಟೆಯನ್ನು ಮತದಾನದ ದಿನಕ್ಕೆ ಮೊದಲು ಬಿಚ್ಚುವಂತಿರಲಿಲ್ಲ, ಹಾಗಾಗಿ ಬೈಡನ್ ಪರ ಹೆಚ್ಚಿದ್ದ ಆ ಮತಗಳು ರಾತ್ರಿ ಕಳೆದ ಮೇಲೆ ಲೆಕ್ಕಕ್ಕೆ ಬಂದವು. ಇದನ್ನೇ ಕಳ್ಳತನ ಎಂದು ಬಿಂಬಿಸಲಾಯಿತು. ಮಿಚಿಗನ್‌ನ ವೇನ್ ಕೌಂಟಿಯಲ್ಲಿ ನಾಲ್ವರ ಮಂಡಳಿ 2–2ಕ್ಕೆ ನಿಂತು, ಅದೇ ರಾತ್ರಿ ಮನಸ್ಸು ಬದಲಿಸಿ ಸಹಿ ಹಾಕಿತು. ಡೆಟ್ರಾಯಿಟ್‌ನ ಹಲವು ಎಣಿಕೆ ಘಟಕಗಳಲ್ಲಿ ಹಾಜರಿ ಪುಸ್ತಕಕ್ಕೂ ಮತಪತ್ರಕ್ಕೂ ತಾಳೆಯಾಗಲಿಲ್ಲ ಎಂಬುದು ನೆಪ. ಹೆಸರು ಗುರುತು ಹಾಕಿಸಿಕೊಂಡು ಮತ ಹಾಕದೆ ಎದ್ದುಹೋದವರು, ಪುಸ್ತಕದಲ್ಲಿ ಎರಡು ಸಲ ಗುರುತಾದವರು, ಇಂಥ ಸಣ್ಣ ವ್ಯತ್ಯಾಸ ಪ್ರತಿ ಚುನಾವಣೆಯಲ್ಲೂ ಇರುತ್ತದೆ. ರಾಜ್ಯದ ಅಂತರವೋ 1.54 ಲಕ್ಷ. ಜಾರ್ಜಿಯಾದ ಮತಗಳನ್ನು ಮೂರು ಸಲ ಎಣಿಸಲಾಯಿತು, ಒಂದು ಸಲ ಪೂರ್ತಿ ಕೈಯಲ್ಲೇ. ಅಂತರ 11,779ಕ್ಕೆ ನಿಂತಿತು. ಜನವರಿ 2ರಂದು ಟ್ರಂಪ್ ಫೋನಿನಲ್ಲಿ ಅಲ್ಲಿನ ರಿಪಬ್ಲಿಕನ್ ಸೆಕ್ರೆಟರಿ ಆಫ್ ಸ್ಟೇಟ್ ಬ್ರ್ಯಾಡ್ ರಾಫೆನ್ಸ್‌ಪರ್ಗರ್ ಅವರಿಗೆ ಹುಡುಕಿಕೊಡಲು ಹೇಳಿದ್ದು 11,780. ಏಳು ರಾಜ್ಯಗಳಲ್ಲಿ ಟ್ರಂಪ್ ಪರ ‘ಪರ್ಯಾಯ’ ಎಲೆಕ್ಟರ್‌ಗಳು ಸೇರಿ ಸಹಿ ಹಾಕಿದರು, ಹವಾಯಿಯ ಉದಾಹರಣೆ ಕೊಟ್ಟರು. ಹವಾಯಿಯಲ್ಲಿ ಕೋರ್ಟ್ ಆದೇಶದ ಮರುಎಣಿಕೆ ಇನ್ನೂ ಮುಗಿದಿರಲಿಲ್ಲ, ಕೊನೆಗೆ ಗವರ್ನರ್ ಪ್ರಮಾಣಪತ್ರವೂ ಬಂತು. ಈ ಏಳು ಕಡೆ ಅಂಥ ಪ್ರಮಾಣಪತ್ರ ಒಂದೂ ಬರಲಿಲ್ಲ. ರಾಜ್ಯಗಳು ಕಳಿಸಿದ ಮತಗಳನ್ನು ತಳ್ಳಿಹಾಕುವ ಅಧಿಕಾರ ತಮಗಿಲ್ಲ ಎಂದರು ಉಪಾಧ್ಯಕ್ಷ ಮೈಕ್ ಪೆನ್ಸ್. 2021ರ ಜನವರಿ 6ರಂದು ಟ್ರಂಪ್ ಬೆಂಬಲಿಗರ ಗುಂಪು ಸಂಸತ್ ಭವನಕ್ಕೆ ನುಗ್ಗಿದಾಗ ಸೆನೆಟ್ ಸಿಬ್ಬಂದಿ ಮತದ ಲಕೋಟೆಗಳಿದ್ದ ಮರದ ಪೆಟ್ಟಿಗೆಗಳನ್ನು ಹೊತ್ತುಕೊಂಡೇ ಹೊರಟರು. ಅಂದು ರಾತ್ರಿಯೂ ಕೆಳಮನೆಯ 138 ಸದಸ್ಯರು ಪೆನ್ಸಿಲ್ವೇನಿಯಾದ ಮತಗಳನ್ನು ತಿರಸ್ಕರಿಸಬೇಕೆಂದು ಮತ ಹಾಕಿದರು.

2022ರ ಡಿಸೆಂಬರ್‌ನಲ್ಲಿ ಬಂದ ಸುಧಾರಣಾ ಕಾಯ್ದೆ ಹಳೆಯದಕ್ಕಿಂತ ಎಷ್ಟೋ ಮೇಲು. ಉಪಾಧ್ಯಕ್ಷರದು ಕೇವಲ ವಿಧ್ಯುಕ್ತ ಕೆಲಸ ಎಂದು ಬರೆದಿದೆ. ಆಕ್ಷೇಪಕ್ಕೆ ಪ್ರತಿ ಸದನದ ಐದನೇ ಒಂದು ಭಾಗದ ಸಹಿ ಬೇಕು: ಪೂರ್ಣ ಸದನದಲ್ಲಿ 87 ಪ್ರತಿನಿಧಿಗಳು, 20 ಸೆನೆಟರ್‌ಗಳು. ಎಲೆಕ್ಟರ್‌ಗಳು ಸೇರುವ ದಿನಕ್ಕೆ ಕನಿಷ್ಠ ಆರು ದಿನ ಮೊದಲು ರಾಜ್ಯದ ಪ್ರಮಾಣಪತ್ರ ಸಿದ್ಧವಿರಬೇಕು. ತಕರಾರಿದ್ದರೆ ಮೂವರು ನ್ಯಾಯಾಧೀಶರ ಪೀಠ, ಅಲ್ಲಿಂದ ನೇರ ಸುಪ್ರೀಂ ಕೋರ್ಟ್. 2025ರ ಜನವರಿ 6ರಂದು ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಟ್ರಂಪ್ ಎದುರಿನ ತಮ್ಮದೇ ಸೋಲನ್ನು, 312–226 ಎಂದು, ಓದಿ ಹೇಳಿದರು. ಒಂದು ಆಕ್ಷೇಪವೂ ಬರಲಿಲ್ಲ. ಗೆದ್ದವರು ಬೇರೆಯಾಗಿದ್ದರೂ ಅಷ್ಟೇ ಶಾಂತಿ ಇರುತ್ತಿತ್ತೇ ಎಂಬುದಕ್ಕೆ ಆ ದಿನ ಉತ್ತರವಾಗಲಾರದು.

ಏಕೆಂದರೆ ಜಗಳ ಅಷ್ಟರಲ್ಲಿ ಕೌಂಟಿಗೆ ಇಳಿದಿತ್ತು. 2022ರ ಜೂನ್‌ನಲ್ಲಿ ನ್ಯೂ ಮೆಕ್ಸಿಕೊದ ಒಟೆರೊ ಕೌಂಟಿ, ನವೆಂಬರ್‌ನಲ್ಲಿ ಅರಿಜೋನಾದ ಕೊಚೀಸ್ ಕೌಂಟಿ ಸಹಿ ಹಾಕಲು ಹಿಂದೇಟು ಹಾಕಿದವು. ಎರಡೂ ಕಡೆ ಕೋರ್ಟ್ ಆದೇಶವೇ ಬೇಕಾಯಿತು. ಜಾರ್ಜಿಯಾದಲ್ಲಿ 2024ರಲ್ಲಿ ಸಹಿಗೆ ಮುನ್ನ ‘ಸಮಂಜಸ ವಿಚಾರಣೆ’ ಎಂಬ ಹೊಸ ನಿಯಮ ಬಂತು. ಸಹಿ ಹಾಕುವುದು ಕರ್ತವ್ಯ, ಇಷ್ಟಾನಿಷ್ಟದ ವಿಷಯವಲ್ಲ ಎಂದು ನ್ಯಾಯಾಲಯ ಹೇಳಬೇಕಾಯಿತು. ಮಿಚಿಗನ್ ಇದನ್ನು 2022ರಲ್ಲೇ ಜನಮತದ ಮೂಲಕ ರಾಜ್ಯ ಸಂವಿಧಾನಕ್ಕೆ ಸೇರಿಸಿಕೊಂಡಿತ್ತು. ಉಳಿದ ರಾಜ್ಯಗಳೂ ಹೀಗೇ ಬರೆದಿಟ್ಟುಕೊಳ್ಳುವುದು ಲೇಸು.

ಇನ್ನೂ ಒಂದು ಕಂಡಿ ಮುಚ್ಚದೆ ಉಳಿದಿದೆ. ಜಂಟಿ ಅಧಿವೇಶನಕ್ಕೆ ಕೆಳಮನೆ ಇರಬೇಕು. ಸ್ಪೀಕರ್ ಆಯ್ಕೆಯಾಗುವವರೆಗೆ ಅದರ ಸದಸ್ಯರು ಪ್ರಮಾಣವಚನ ತೆಗೆದುಕೊಳ್ಳುವುದಿಲ್ಲ. 2023ರಲ್ಲಿ ಆ ಆಯ್ಕೆಗೆ 15 ಸುತ್ತು ಮತದಾನ ಬೇಕಾಯಿತು. ಶುರುವಾದದ್ದು ಜನವರಿ 3ಕ್ಕೆ, ಮುಗಿಯುವ ಹೊತ್ತಿಗೆ ಜನವರಿ 7 ಹುಟ್ಟಿತ್ತು. ಅದು ಅಧ್ಯಕ್ಷೀಯ ಚುನಾವಣೆಯ ಮರುವರ್ಷ ಆಗಿರಲಿಲ್ಲ, ಅಷ್ಟೆ.